41 ಮಿಲಿಸೆಕೆಂಡಿನ ಸುಳ್ಳು: ನೀರಿನ ಟ್ಯಾಂಕ್ ಮೇಲಿನ ಪುಟ್ಟ ಚಿಪ್‌ನಲ್ಲಿ ಕ್ರಿಪ್ಟೋ ಅಳೆದ ಕತೆ

"ನಾಲ್ಕನೇ ಟ್ಯಾಂಕಿನ ಲೈಟು ಮಿಣುಕ್ತಾನೇ ಇದೆ ಸಾರ್, ನಿಲ್ತಾನೇ ಇಲ್ಲ" ಅಂತ ನಮ್ಮ ಬಡಾವಣೆಯ ವಾಟರ್‌ಮ್ಯಾನ್ ಫೋನ್ ಮಾಡಿದರು. ಹಿಂದಿನ ದಿನವಷ್ಟೇ ನಾಲ್ಕೂ ಟ್ಯಾಂಕಿನ ಪೆಟ್ಟಿಗೆಗಳಿಗೆ ಹೊಸ ಫರ್ಮ್‌ವೇರ್ (ಚಿಪ್‌ನೊಳಗಿನ ಪ್ರೋಗ್ರಾಂ) ತುಂಬಿ ಬಂದಿದ್ದೆ. ಮೂರು ಚೆನ್ನಾಗಿದ್ದವು. ನಾಲ್ಕನೆಯದು ಸೆಕೆಂಡಿಗೊಮ್ಮೆ ಸತ್ತು ಸೆಕೆಂಡಿಗೊಮ್ಮೆ ಹುಟ್ಟುತ್ತಿತ್ತು. ಈ ಬರಹ ಆ ಒಂದು ಪೆಟ್ಟಿಗೆಯ ಬಗ್ಗೆ. ತಪ್ಪು ಪೂರ್ತಿ ನನ್ನದೇ. ಬೆಸುಗೆಯದ್ದಲ್ಲ, ಬ್ಯಾಟರಿಯದ್ದಲ್ಲ, ಮಳೆಯದ್ದೂ ಅಲ್ಲ. ಮೂರು ವಾರ ಮುಂಚೆ ಮೇಜಿನ ಮೇಲೆ ಮಾಡಿದ ಒಂದು ಬೆಂಚ್‌ಮಾರ್ಕ್‌ನದ್ದು, ಅಂದರೆ ಕ್ರಿಪ್ಟೋ (ಸಂದೇಶ ಮುಚ್ಚುವ, ಸಹಿ ಪರಿಶೀಲಿಸುವ ಲೆಕ್ಕ; ಬಿಟ್‌ಕಾಯಿನ್ ಅಲ್ಲ) ಮುಗಿಯಲು ಎಷ್ಟು ಹೊತ್ತು ಬೇಕು ಅನ್ನುವ ಅಳತೆಯದ್ದು.

ಮೊದಲು ಪೆಟ್ಟಿಗೆಯಲ್ಲಿ ಏನಿದೆ ಅಂತ ಹೇಳಿಬಿಡುತ್ತೇನೆ. ಎಸ್‌ಟಿಎಂ32 ಎಲ್072 ಅನ್ನುವ ಮೈಕ್ರೋಕಂಟ್ರೋಲರ್, ಅಂದರೆ ಒಂದೇ ಚಿಪ್‌ನಲ್ಲಿ ಒಂದು ಪುಟ್ಟ ಕಂಪ್ಯೂಟರ್. ಒಳಗಿರುವುದು ಕಾರ್ಟೆಕ್ಸ್ ಎಂ0 ಪ್ಲಸ್ ಅನ್ನುವ ಸರಳ ಪ್ರೊಸೆಸರ್, ಗರಿಷ್ಠ 32 ಮೆಗಾಹರ್ಟ್ಸ್, 192 ಕೆಬಿ ಫ್ಲ್ಯಾಶ್, 20 ಕೆಬಿ ರ‍್ಯಾಮ್. ಪಕ್ಕದಲ್ಲಿ ಎಸ್‌ಎಕ್ಸ್1276 ಲೋರಾ ರೇಡಿಯೋ, ಕಡಿಮೆ ಕರೆಂಟಿನಲ್ಲಿ ಚಿಕ್ಕ ಸಂದೇಶವನ್ನು ದೂರಕ್ಕೆ ಕಳಿಸುವಂಥದ್ದು. ನಮ್ಮಲ್ಲಿ ಲೈಸೆನ್ಸ್ ಬೇಡದ 865–867 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಮಾತಾಡುತ್ತದೆ. ಎರಡು ಎಎ ಸೆಲ್. 15 ನಿಮಿಷಕ್ಕೊಮ್ಮೆ ಎದ್ದು, ನೀರು ಎಲ್ಲಿವರೆಗೆ ಇದೆ ಅಂತ ಅಳೆದು, ಪಂಪ್ ಮನೆಗೆ ಒಂದು ಚಿಕ್ಕ ಸಂದೇಶ ಕಳಿಸಿ ಮತ್ತೆ ಮಲಗುತ್ತದೆ. ಅಷ್ಟೇ ಕೆಲಸ.

ನೀರಿನ ಮಟ್ಟಕ್ಕೆ ಯಾಕಪ್ಪಾ ಎನ್‌ಕ್ರಿಪ್ಷನ್ (ಸಂದೇಶವನ್ನು ಕೀಲಿ ಹಾಕಿ ಮುಚ್ಚುವುದು) ಅಂತ ಎಲ್ಲರೂ ಕೇಳುತ್ತಾರೆ. ಟ್ಯಾಂಕಿನಲ್ಲಿ ನೀರೆಷ್ಟಿದೆ ಅನ್ನುವುದು ಗುಟ್ಟೇನಲ್ಲ, ಮೇಲೆ ಹತ್ತಿದ ಯಾರಿಗೂ ಕಾಣುತ್ತದೆ. ಆದರೆ ಆ ಸಂದೇಶ ನೋಡಿಕೊಂಡೇ ಪಂಪ್ ಶುರುವಾಗುತ್ತದೆ. "ಟ್ಯಾಂಕ್ ಖಾಲಿ" ಅನ್ನುವ ಹಳೆಯ ಸಂದೇಶವನ್ನು ಯಾರೋ ರೆಕಾರ್ಡ್ ಮಾಡಿಕೊಂಡು ರಾತ್ರಿ ಮತ್ತೆ ಬಿಟ್ಟರೆ ನೀರು ಬೆಳಗಿನವರೆಗೆ ರಸ್ತೆಗೆ ಹರಿಯುತ್ತದೆ. ಹಾಗಾಗಿ ಪ್ರತಿ ಸಂದೇಶಕ್ಕೂ ಒಂದು ಎಣಿಕೆ ಮತ್ತು ಒಂದು ಮುದ್ರೆ (ಸಂದೇಶ ನಮ್ಮದೇ, ಯಾರೂ ತಿದ್ದಿಲ್ಲ ಅಂತ ತೋರಿಸುವ ಕೆಲವು ಬೈಟ್) ಬೇಕು. ಹಾಗೆಯೇ ಕೇಬಲ್ ಹಿಡಿದು ಬಂದ ಯಾರೋ ತಮ್ಮದೇ ಫರ್ಮ್‌ವೇರ್ ತುಂಬಬಾರದು. ಅದಕ್ಕೆ ಬೂಟ್‌ಲೋಡರ್, ಅಂದರೆ ಚಿಪ್ ಶುರುವಾದಾಗ ಮೊದಲು ಓಡುವ ಪುಟ್ಟ ಪ್ರೋಗ್ರಾಂ, ಪ್ರತಿ ಸಲ ರೀಸೆಟ್ ಆದಾಗ ಫರ್ಮ್‌ವೇರ್‌ನ ಡಿಜಿಟಲ್ ಸಹಿಯನ್ನು ಪರಿಶೀಲಿಸಬೇಕು. ಈ ಎರಡನೆಯ ಭಾಗವೇ ಆ ಸಲದ ಹೊಸ ಸೇರ್ಪಡೆ. ಎಡವಟ್ಟಾಗಿದ್ದೂ ಅಲ್ಲೇ.

ನಾಲ್ಕನೇ ಟ್ಯಾಂಕ್

ಏಣಿ ಹತ್ತಿ ಪೆಟ್ಟಿಗೆ ಬಿಚ್ಚಿದೆ. ಸೆಲ್ ಬದಲಿಸಿದೆ, ಮಿಣುಕು ನಿಲ್ಲಲಿಲ್ಲ. ಬೆಸುಗೆ ಬಿಟ್ಟಿದೆಯೇನೋ ಅಂತ ಬೋರ್ಡನ್ನು ಬಗ್ಗಿಸಿ ನೋಡಿದೆ, ಏನೂ ವ್ಯತ್ಯಾಸ ಇಲ್ಲ. ಬೋರ್ಡ್ ಬಿಚ್ಚಿ ಮನೆಗೆ ತಂದೆ. ಮನೆಯಲ್ಲೂ ಅದೇ ಕತೆ.

ಈ ಚಿಪ್‌ಗಳಲ್ಲಿ ಹಿಂದಿನ ರೀಸೆಟ್ ಯಾಕಾಯಿತು ಅಂತ ಬರೆದಿಡುವ ಒಂದು ರಿಜಿಸ್ಟರ್ ಇರುತ್ತದೆ. ಅದನ್ನು ಮೊದಲೇ ಓದಬೇಕಿತ್ತು. ಏಣಿ ಹತ್ತುವ ಮುಂಚೆಯೇ ಇದು ಹೊಳೆಯಬೇಕಿತ್ತು ಅನ್ನಿ. ಓದಿದಾಗ ವಾಚ್‌ಡಾಗ್ ಬಿಟ್ ಎದ್ದಿತ್ತು. ವಾಚ್‌ಡಾಗ್ ಅಂದರೆ ಪ್ರೋಗ್ರಾಂ ಎಲ್ಲೋ ಸಿಕ್ಕಿಹಾಕಿಕೊಂಡರೆ ಚಿಪ್ ಅನ್ನು ರೀಸೆಟ್ ಮಾಡುವ ಟೈಮರ್. ಗೊತ್ತು ಮಾಡಿದ ಸಮಯದೊಳಗೆ ಅದನ್ನು ತಟ್ಟುತ್ತಿರಬೇಕು, ಇಲ್ಲದಿದ್ದರೆ ಚಿಪ್ ಮತ್ತೆ ಶುರುವಿಂದ. ನಾನು ಅದಕ್ಕೆ 600 ಮಿಲಿಸೆಕೆಂಡ್ ಕೊಟ್ಟಿದ್ದೆ. ಫರ್ಮ್‌ವೇರ್‌ನ ಹ್ಯಾಶ್ (ಇಡೀ ಪ್ರೋಗ್ರಾಂನ ಚಿಕ್ಕ ಬೆರಳಚ್ಚಿನಂಥದ್ದು) ಮುಗಿದ ಮೇಲೆ ಒಮ್ಮೆ ತಟ್ಟಿ, ಆಮೇಲೆ ಸಹಿ ಪರಿಶೀಲನೆ. ನನ್ನ ನೋಟ್‌ಬುಕ್ ಪ್ರಕಾರ ಪರಿಶೀಲನೆಗೆ ಬೇಕಾಗಿದ್ದು 41 ಮಿಲಿಸೆಕೆಂಡ್. ಹದಿನಾಲ್ಕು ಪಟ್ಟು ಜಾಗ ಬಿಟ್ಟಿದ್ದೇನೆ, ಇನ್ನೇನು ಬೇಕು ಅಂತ ಆರಾಮಾಗಿದ್ದೆ.

ನೋಟ್‌ಬುಕ್ ಬದಿಗಿಟ್ಟು ಪಿನ್ ಹಿಡಿದೆ. ಪರಿಶೀಲನೆ ಶುರುವಾಗುವಾಗ ಚಿಪ್‌ನ ಒಂದು ಪಿನ್‌ನ ವೋಲ್ಟೇಜ್ ಮೇಲೆ, ಮುಗಿದಾಗ ಕೆಳಗೆ. ಅದಕ್ಕೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ತಂದ ಅಗ್ಗದ ಎಂಟು ಚಾನೆಲ್ ಲಾಜಿಕ್ ಅನಲೈಸರ್ (ಪಿನ್ ಯಾವಾಗ ಮೇಲೆ, ಯಾವಾಗ ಕೆಳಗೆ ಅಂತ ಸಮಯ ಸಮೇತ ಬರೆದಿಡುವ ಸಾಧನ) ಸಿಕ್ಕಿಸಿದೆ. ಕೆಟ್ಟ ಬೋರ್ಡಿನಲ್ಲಿ ಪಿನ್ 541 ಮಿಲಿಸೆಕೆಂಡ್ ಮೇಲಿದ್ದು, ಕೆಲಸ ಮುಗಿಯುವ ಮುಂಚೆಯೇ ರೀಸೆಟ್. ಮೇಜಿನ ಮೇಲಿದ್ದ ಒಳ್ಳೆಯ ಬೋರ್ಡಿನಲ್ಲಿ 565 ಮಿಲಿಸೆಕೆಂಡ್, ಆಮೇಲೆ ಸುಖವಾಗಿ ಮುಗಿಯಿತು. ಅಂದರೆ "ಒಳ್ಳೆಯ" ಬೋರ್ಡುಗಳೂ ಕೂದಲೆಳೆಯಲ್ಲಿ ಪಾರಾಗುತ್ತಿದ್ದವು, ಅಷ್ಟೇ.

565ರಿಂದ 41 ಕಳೆಯಿರಿ. 524. ಈ ಸಂಖ್ಯೆ ನೋಡಿದ ತಕ್ಷಣ ಕೆಲವರಿಗೆ ನಗು ಬಂದಿರುತ್ತದೆ. ನನಗೆ ಅರ್ಧ ಗಂಟೆ ಬೇಕಾಯಿತು.

ಎಣಿಸುವ ಯಂತ್ರಕ್ಕೆ 24 ಬಿಟ್

ಕಾರ್ಟೆಕ್ಸ್ ಎಂ3, ಎಂ4 ಚಿಪ್‌ಗಳಲ್ಲಿ ಸೈಕಲ್ (ಚಿಪ್‌ನ ಕ್ಲಾಕಿನ ಒಂದೊಂದು ಬಡಿತ) ಎಣಿಸಲು ಅಂತಲೇ ಡೀಬಗ್ ಭಾಗದಲ್ಲಿ ಒಂದು 32 ಬಿಟ್ ಕೌಂಟರ್ ಇರುತ್ತದೆ. ಅಂತರ್ಜಾಲದಲ್ಲಿ ಸಿಗುವ ಬೆಂಚ್‌ಮಾರ್ಕ್ ಕೋಡ್ ಬಹುಪಾಲು ಅದನ್ನೇ ಓದುತ್ತದೆ. ಎಂ0 ಮತ್ತು ಎಂ0 ಪ್ಲಸ್‌ನಲ್ಲಿ ಅದು ಇಲ್ಲ. ಅಲ್ಲಿ ಕೈಗೆ ಸಿಗುವುದು ಸಿಸ್‌ಟಿಕ್ ಅನ್ನುವ ಟೈಮರ್, ಅದು 24 ಬಿಟ್‌ನದ್ದು. ಮೇಲಿನಿಂದ ಕೆಳಗೆ ಎಣಿಸುತ್ತದೆ, ಸೊನ್ನೆ ಮುಟ್ಟಿದರೆ ಸದ್ದಿಲ್ಲದೆ ಮತ್ತೆ ಮೇಲಕ್ಕೆ ಹೋಗುತ್ತದೆ. 24 ಬಿಟ್ ಅಂದರೆ 1,67,77,216 ಸೈಕಲ್. 32 ಮೆಗಾಹರ್ಟ್ಸ್‌ನಲ್ಲಿ ಅದು ಸರಿಯಾಗಿ 524.288 ಮಿಲಿಸೆಕೆಂಡ್.

ಅಂದರೆ ನನ್ನ ಪರಿಶೀಲನೆಗೆ ನಿಜವಾಗಿ ಬೇಕಾಗಿದ್ದು ಹತ್ತಿರ ಹತ್ತಿರ 1 ಕೋಟಿ 81 ಲಕ್ಷ ಸೈಕಲ್. ಕೌಂಟರ್ ಒಂದು ಸುತ್ತು ಪೂರ್ತಿ ಹೊಡೆದು, ಮೇಲಿನ 13 ಲಕ್ಷ ಚಿಲ್ಲರೆಯನ್ನು ಮಾತ್ರ ನನಗೆ ತೋರಿಸಿತ್ತು. ಆಟೋ ಮೀಟರ್ ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಯಿಂದ ಶುರುವಾದರೆ ಪ್ರಯಾಣ ಪುಕ್ಕಟೆ ಅಂತ ಖುಷಿಪಡುವ ಪ್ರಯಾಣಿಕನ ಹಾಗೆ ನಾನು ಖುಷಿಪಟ್ಟಿದ್ದೆ. ಇನ್ನೂ ನಾಚಿಕೆ ಆಗುವ ವಿಷಯ ಏನೆಂದರೆ, ಸೊನ್ನೆ ದಾಟಿದೆಯೋ ಇಲ್ಲವೋ ಅಂತ ಹೇಳಲು ಸಿಸ್‌ಟಿಕ್‌ನ ಕಂಟ್ರೋಲ್ ರಿಜಿಸ್ಟರ್‌ನಲ್ಲೇ ಒಂದು ಬಿಟ್ ಇದೆ. ಅದನ್ನು ಓದುವುದು ಒಂದು ಸಾಲಿನ ಕೆಲಸ.

ಹಾಗಾದರೆ 41 ನೋಡಿದಾಗ ಅನುಮಾನ ಬರಲಿಲ್ಲವಾ? ಬರಬೇಕಿತ್ತು. ಏಕೆಂದರೆ ಅದೇ ಪುಟದಲ್ಲಿ, ಸುಮ್ನೆ ಕುತೂಹಲಕ್ಕೆ ಅಂತ, ಸಹಿ ಹಾಕುವ ಕೆಲಸವನ್ನೂ ಅಳೆದಿದ್ದೆ. ಅದು 1 ಕೋಟಿ 40 ಲಕ್ಷ ಸೈಕಲ್ ತೋರಿಸಿತ್ತು. ಸುತ್ತಿನ ಒಳಗೇ ಇದ್ದದ್ದರಿಂದ ಅದು ನಿಜ. ಅಂದರೆ ನನ್ನ ಪುಟದ ಪ್ರಕಾರ ಸಹಿ ಹಾಕುವುದಕ್ಕಿಂತ ಪರಿಶೀಲಿಸುವುದು ಹತ್ತು ಪಟ್ಟು ಬೇಗ. ಇದನ್ನು ನಂಬಲು ನನ್ನ ತಲೆಯಲ್ಲಿ ಒಂದು ರೆಡಿಮೇಡ್ ಕಾರಣವೂ ಇತ್ತು: ಆರ್‌ಎಸ್‌ಎ ಅನ್ನುವ ಹಳೆಯ ಸಹಿ ವಿಧಾನ. ಅದರಲ್ಲಿ ಪರಿಶೀಲನೆ ಯಾವಾಗಲೂ ಬೇಗ. 2004ರಲ್ಲಿ 8 ಬಿಟ್‌ನ ಎಟಿಮೆಗಾ128 ಚಿಪ್ ಮೇಲೆ, 8 ಮೆಗಾಹರ್ಟ್ಸ್‌ನಲ್ಲಿ ಗುರಾ ಮತ್ತು ಸಂಗಡಿಗರು ಅಳೆದದ್ದು ಈ ಕ್ಷೇತ್ರದವರಿಗೆಲ್ಲ ಗೊತ್ತು. 1024 ಬಿಟ್ ಆರ್‌ಎಸ್‌ಎಯ ಸಾರ್ವಜನಿಕ ಕೀಲಿಯ ಕೆಲಸಕ್ಕೆ (ಪರಿಶೀಲನೆ) 0.43 ಸೆಕೆಂಡ್, ಖಾಸಗಿ ಕೀಲಿಯ ಕೆಲಸಕ್ಕೆ (ಸಹಿ ಹಾಕುವುದು) 10.99 ಸೆಕೆಂಡ್. ನಾನು ಆ ನೆನಪನ್ನೇ ತಂದು ಇಲ್ಲಿಗೆ ಅಂಟಿಸಿದೆ.

ಆದರೆ ನಾನು ಬಳಸುತ್ತಿದ್ದದ್ದು ಪಿ-256 ಅನ್ನುವ ವಕ್ರರೇಖೆಯ ಮೇಲಿನ ಇಸಿಡಿಎಸ್‌ಎ, ಬೇರೆಯದೇ ಸಹಿ ವಿಧಾನ. ಅದರಲ್ಲಿ ಲೆಕ್ಕ ತಿರುಗುಮುರುಗು. ಸಹಿ ಹಾಕುವಾಗ ವಕ್ರರೇಖೆಯ ಮೇಲಿನ ಬಿಂದುವನ್ನು ಒಂದು ಸಲ ಗುಣಿಸಬೇಕು, ಪರಿಶೀಲಿಸುವಾಗ ಎರಡು ಸಲ. ಎರಡನ್ನೂ ಒಟ್ಟಿಗೆ ಹೆಣೆದು ಮಾಡುವ ಉಪಾಯ ಇದೆ, ಹಾಗಾಗಿ ದುಪ್ಪಟ್ಟು ಆಗುವುದಿಲ್ಲ. ಆದರೂ ಸಾಮಾನ್ಯವಾಗಿ ಪರಿಶೀಲನೆಯೇ ಭಾರ. ಹತ್ತು ಪಟ್ಟು ಬೇಗ ಆಗುವುದಂತೂ ಸಾಧ್ಯವೇ ಇಲ್ಲ. ಅಳತೆ ಮಾಡುವ ಮುಂಚೆ ಉತ್ತರ ಎಷ್ಟಿರಬೇಕು ಅಂತ ಒರಟಾಗಿಯಾದರೂ ಒಂದು ಅಂದಾಜು ಬರೆದಿಟ್ಟಿದ್ದರೆ ಅವತ್ತೇ ಸಿಕ್ಕಿಬೀಳುತ್ತಿತ್ತು.

ಆ ಅಂದಾಜೇನೂ ಕಷ್ಟವಲ್ಲ. 256 ಬಿಟ್ ಸಂಖ್ಯೆ ಅಂದರೆ 32 ಬಿಟ್‌ನ ಎಂಟು ತುಂಡು. ಎರಡು ಅಂಥ ಸಂಖ್ಯೆ ಗುಣಿಸಲು 64 ತುಂಡು ಗುಣಾಕಾರ. ಇಲ್ಲೇ ಎಂ0 ಪ್ಲಸ್‌ನ ಬಡತನ ಕಾಣುವುದು: ಅದರ ಗುಣಾಕಾರದ ಆದೇಶ ಉತ್ತರದ ಕೆಳಗಿನ 32 ಬಿಟ್ ಮಾತ್ರ ಕೊಡುತ್ತದೆ, ಮೇಲಿನದ್ದು ಮಾಯ. ಪೂರ್ತಿ 64 ಬಿಟ್ ಉತ್ತರ ಬೇಕೆಂದರೆ ಪ್ರತಿ ತುಂಡನ್ನೂ 16 ಬಿಟ್‌ನ ಎರಡು ಹೋಳು ಮಾಡಿ ನಾಲ್ಕು ಸಲ ಗುಣಿಸಿ ಕೂಡಬೇಕು. ಅಲ್ಲಿಗೆ 256 ಗುಣಾಕಾರ, ಅದರ ಮೇಲೆ ಕೂಡುವುದು, ಹೊತ್ತು ತರುವುದು, ಮಾಡ್ಯುಲೋ ಇಳಿಸುವುದು (ಭಾಗಿಸಿ ಶೇಷ ಮಾತ್ರ ಉಳಿಸಿಕೊಳ್ಳುವುದು). ಒಂದು ಸಹಿಗೆ ಇಂಥವು ಸಾವಿರಾರು. ಎಂ4ನಲ್ಲಾದರೆ ಪೂರ್ತಿ 64 ಬಿಟ್ ಉತ್ತರ ಒಂದೇ ಸೈಕಲ್‌ನಲ್ಲಿ ಬರುತ್ತದೆ. ಎಂ4ನ ಅಂಕಿ ನೋಡಿ ಎಂ0 ಪ್ಲಸ್‌ಗೆ ಊಹೆ ಮಾಡಿದರೆ ಕೈ ಸುಟ್ಟುಕೊಳ್ಳುವುದು ಖಂಡಿತ.

ಸರಿ, ಮತ್ತೆ ಮೂರು ಬೋರ್ಡು ಹೇಗೆ ಬದುಕಿದವು? ಇಲ್ಲಿ ವಾಚ್‌ಡಾಗ್‌ನ ಗುಟ್ಟು. ಅದು ಮುಖ್ಯ ಕ್ಲಾಕ್ ನಂಬುವುದಿಲ್ಲ, ಕ್ಲಾಕ್ ಕೆಟ್ಟರೂ ಕೆಲಸ ಮಾಡಬೇಕಲ್ಲ, ಅದಕ್ಕೆ ತನ್ನದೇ ಒಂದು ಆರ್‌ಸಿ ಆಸಿಲೇಟರ್ (ಒಂದು ಒರಟು ಗಡಿಯಾರ) ಇಟ್ಟುಕೊಂಡಿದೆ. ಎಲ್0 ಸರಣಿಯಲ್ಲಿ ಅದು ಹೆಸರಿಗೆ 37 ಕಿಲೋಹರ್ಟ್ಸ್. ಡೇಟಾಶೀಟ್ ನೋಡಿದರೆ 26ರಿಂದ 56ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಒಂದೊಂದು ಚಿಪ್‌ಗೂ ಒಂದೊಂದು. ನಾನು ಇಟ್ಟ 600 ಮಿಲಿಸೆಕೆಂಡ್ ಬರುವುದು ಆಸಿಲೇಟರ್ ಸರಿಯಾಗಿ 37ರಲ್ಲಿ ಓಡಿದರೆ ಮಾತ್ರ. 39ಕ್ಕಿಂತ ಸ್ವಲ್ಪ ಮೇಲೆ ಹೋದರೂ ವಾಚ್‌ಡಾಗ್ 565ಕ್ಕಿಂತ ಮುಂಚೆಯೇ ಕಚ್ಚುತ್ತದೆ. ಟೈಮರ್ ಹಚ್ಚಿ ಅಳೆದೆ. ಮೂರು ಬೋರ್ಡು 36ರಿಂದ 38ರ ಒಳಗೆ, ನಾಲ್ಕನೆಯದು 41ರ ಹತ್ತಿರ. ಚಿಪ್‌ನಲ್ಲಿ ದೋಷ ಏನೂ ಇಲ್ಲ, ಡೇಟಾಶೀಟ್‌ನಲ್ಲಿ ಹೇಳಿದಂತೆಯೇ ಇದೆ.

ಇನ್ನೊಂದು ಲೆಕ್ಕ ಆಮೇಲೆ ಮಾಡಿದೆ, ಹೊಟ್ಟೆ ಉರಿಯಿತು. ಆ ಬೋರ್ಡು ಮಲಗದೆ ಸುತ್ತುತ್ತಿದ್ದಾಗ ಎಳೆಯುತ್ತಿದ್ದದ್ದು ಸುಮಾರು 3 ಮಿಲಿಆಂಪ್. ದಿನಕ್ಕೆ 72 ಮಿಲಿಆಂಪ್-ಗಂಟೆ. ಸಂದೇಶ ಕಳಿಸಲು ರೇಡಿಯೋಗೆ ಇಡೀ ವರ್ಷಕ್ಕೆ ಬೇಕಾಗುವುದನ್ನು ಒಂದೂವರೆ ದಿನದಲ್ಲಿ ಮುಗಿಸುವ ವೇಗ ಅದು.

ವಾಚ್‌ಡಾಗ್ ಅನ್ನು 2 ಸೆಕೆಂಡಿಗೆ ಏರಿಸಿದೆ. ಆಸಿಲೇಟರ್ 56ಕ್ಕೆ ಹೋದರೂ 1.3 ಸೆಕೆಂಡ್ ಸಿಗುತ್ತದೆ, ಸಾಕು. ಗುಣಿಸುವ ಲೂಪಿನ ಒಳಗೇ ವಾಚ್‌ಡಾಗ್ ತಟ್ಟಬಹುದಲ್ಲ ಅಂತ ಗೆಳೆಯನೊಬ್ಬ ಹೇಳಿದ. ಬೇಡ ಮಾರಾಯ ಅಂದೆ. ಬೇರೆಯವರು ಪರೀಕ್ಷೆ ಮಾಡಿ ಕೊಟ್ಟ ಕ್ರಿಪ್ಟೋ ಕೋಡಿನ ಹೊಟ್ಟೆಯೊಳಗೆ ಕೈ ಹಾಕುವುದು ನನಗೆ ಇಷ್ಟವಿಲ್ಲ.

ಎರಡನೇ ಸಲ ಅಳೆದದ್ದು

ಒಂದು ಅಂಕಿ ಸುಳ್ಳಾದ ಮೇಲೆ ಪುಟದ ಬೇರೆ ಅಂಕಿಗಳ ಮೇಲೂ ನಂಬಿಕೆ ಹೋಯಿತು. ಎಲ್ಲವನ್ನೂ ಹೊಸದಾಗಿ ಅಳೆದೆ. ಈ ಸಲ ಸಿಸ್‌ಟಿಕ್ ಸೊನ್ನೆ ಮುಟ್ಟಿದಾಗಲೆಲ್ಲ ಒಂದು ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ಅರೆಕ್ಷಣ ನಿಲ್ಲಿಸುವ ಕರೆ) ಬಂದು ಸುತ್ತು ಎಣಿಸುತ್ತದೆ, ಜೊತೆಗೆ ಪಿನ್ ಮತ್ತು ಅನಲೈಸರ್ ಸಾಕ್ಷಿಗೆ. ಎರಡೂ ಒಪ್ಪದಿದ್ದರೆ ಅಂಕಿ ಬರೆಯುವುದಿಲ್ಲ. ಮಿಕ್ಕ ಇಂಟರಪ್ಟ್‌ಗಳೆಲ್ಲ ಬಂದ್. ಇದರಿಂದ ಒಂದು ಚೆಂದದ ಪರೀಕ್ಷೆಯೂ ಸಿಗುತ್ತದೆ: ಈ ಚಿಪ್‌ನಲ್ಲಿ ಕ್ಯಾಶ್ (ಈಚೆಗೆ ಓದಿದ್ದನ್ನು ಹತ್ತಿರ ಇಟ್ಟುಕೊಳ್ಳುವ ವೇಗದ ಮೆಮೊರಿ) ಅನ್ನುವುದೇ ಇಲ್ಲದ ಕಾರಣ ಅದೇ ಕೆಲಸವನ್ನು ಅದೇ ಇನ್‌ಪುಟ್ ಕೊಟ್ಟು ಹತ್ತು ಸಲ ಓಡಿಸಿದರೆ ಹತ್ತೂ ಸಲ ಒಂದು ಸೈಕಲ್ ಕೂಡ ಆಚೀಚೆ ಆಗದೆ ಅದೇ ಅಂಕಿ ಬರಬೇಕು. ಬರಲಿಲ್ಲ ಅಂದರೆ ಯಾರೋ ಮಧ್ಯೆ ನುಗ್ಗಿದ್ದಾರೆ ಅಂತ ಅರ್ಥ.

ಕಂಪೈಲರ್‌ನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹಳೆಯ ಪುಟದ ಅರ್ಧ ಅಂಕಿಗಳು ಡೀಬಗ್ ಬಿಲ್ಡ್‌ನವು, ಅಂದರೆ ಯಾವ ಆಪ್ಟಿಮೈಸೇಷನ್ನೂ ಇಲ್ಲದವು. ಅವನ್ನು ಹರಿದು ಎಸೆದೆ.

ಕ್ಲಾಕ್ ವಿಷಯ ಮಾತ್ರ ಸ್ವಲ್ಪ ನಿಂತು ನೋಡಬೇಕು. ಎಲ್0 ಚಿಪ್ ರೀಸೆಟ್ ಆಗಿ ಏಳುವುದು ಸುಮಾರು 2.1 ಮೆಗಾಹರ್ಟ್ಸ್‌ನಲ್ಲಿ. ಬೂಟ್‌ಲೋಡರ್ ಬರೆಯುವವರು ಕ್ಲಾಕ್ ಏರಿಸಲು ಮರೆತರೆ ನನ್ನ ಪರಿಶೀಲನೆಗೆ ಹಲವು ಸೆಕೆಂಡ್ ಬೇಕು. ನಾನು ಮರೆತಿರಲಿಲ್ಲ, ಅದೊಂದು ಪುಣ್ಯ. ಇನ್ನು 32ಕ್ಕೆ ಏರಿಸಿದರೆ ಫ್ಲ್ಯಾಶ್ ಅಷ್ಟು ವೇಗಕ್ಕೆ ಓದಲು ಆಗುವುದಿಲ್ಲ, 16 ಮೆಗಾಹರ್ಟ್ಸ್ ದಾಟಿದ ಮೇಲೆ ಒಂದು ಸೈಕಲ್ ಕಾಯಲೇಬೇಕು. ಹಾಗಾಗಿ ಅದೇ ಕೋಡ್ 16ರಲ್ಲಿ ಕಡಿಮೆ ಸೈಕಲ್ ತೋರಿಸುತ್ತದೆ, 32ರಲ್ಲಿ ಜಾಸ್ತಿ. ಕ್ಲಾಕ್ ದುಪ್ಪಟ್ಟು ಮಾಡಿದರೂ ಸಮಯ ಅರ್ಧ ಆಗುವುದಿಲ್ಲ. ಚಿಪ್‌ನ ಒಳಗಿನ ವೋಲ್ಟೇಜ್ ಇಳಿಸಿ ಕರೆಂಟ್ ಉಳಿಸುವ ಮೋಡ್‌ನಲ್ಲಂತೂ 8 ಮೆಗಾಹರ್ಟ್ಸ್ ದಾಟಿದರೇ ಕಾಯುವುದು ಶುರು.

ಇದು ದೊಡ್ಡವರಿಗೂ ಗೊತ್ತಿರುವ ಸಂಗತಿ. ಕ್ವಾಂಟಂ ಕಂಪ್ಯೂಟರ್ ಬಂದರೂ ತಡೆಯಬಲ್ಲ ಗುಪ್ತಲಿಪಿಗಳನ್ನು ಕಾರ್ಟೆಕ್ಸ್ ಎಂ4 ಮೇಲೆ ಅಳೆಯುವ ಪಿಕ್ಯೂಎಂ4 ಅನ್ನುವ ಯೋಜನೆ ಇದೆ. ಅವರು ಬಳಸಿದ ಎಸ್‌ಟಿಎಂ32 ಎಫ್4 ಡಿಸ್ಕವರಿ ಬೋರ್ಡ್ 168 ಮೆಗಾಹರ್ಟ್ಸ್‌ವರೆಗೆ ಓಡುತ್ತದೆ, ಆದರೆ ಅವರು ಅಳೆದದ್ದು 24 ಮೆಗಾಹರ್ಟ್ಸ್‌ನಲ್ಲಿ. ಫ್ಲ್ಯಾಶ್‌ಗಾಗಿ ಕಾಯುವ ಸಮಯ ಅಂಕಿಯೊಳಗೆ ಬೆರೆಯಬಾರದು ಅಂತ. ಅಲ್ಗಾರಿದಂಗಳನ್ನು ಒಂದಕ್ಕೊಂದು ಹೋಲಿಸಲು ಅದು ಸರಿಯಾದ ದಾರಿ. ಆದರೆ ನನ್ನ ಪ್ರಶ್ನೆ ಬೇರೆ. ನನ್ನ ಟ್ಯಾಂಕಿನ ಮೇಲೆ ಚಿಪ್ 32ರಲ್ಲೇ ಓಡುತ್ತದೆ, ಕಾಯುತ್ತದೆ, ವಾಚ್‌ಡಾಗ್ ಕಚ್ಚುವುದೂ ಆ ಸಮಯ ನೋಡಿಯೇ. ಹಾಗಾಗಿ ನಾನು ಎರಡೂ ಬರೆದಿಟ್ಟೆ: 16ರಲ್ಲಿ ಸೈಕಲ್, 32ರಲ್ಲಿ ಮಿಲಿಸೆಕೆಂಡ್.

ಬೇರೆಯವರ ಅಂಕಿಯ ಪಕ್ಕದಲ್ಲಿ ನನ್ನದನ್ನು ಇಟ್ಟು ನೋಡುವ ಆಸೆಯೂ ಆಯಿತು. 2015ರಲ್ಲಿ ಡ್ಯೂಲ್ ಮತ್ತು ಸಂಗಡಿಗರು ಕರ್ವ್25519 ಅನ್ನು ಮೂರು ಬಗೆಯ ಚಿಪ್ ಮೇಲೆ ಕೈಯಿಂದ ಅಸೆಂಬ್ಲಿ ಬರೆದು ಅಳೆದಿದ್ದರು. 8 ಬಿಟ್ ಎವಿಆರ್ ಮೇಲೆ 1,39,00,397 ಸೈಕಲ್, ಕಾರ್ಟೆಕ್ಸ್ ಎಂ0 ಮೇಲೆ 35,89,850. ಅದು ಕೀಲಿ ಹಂಚಿಕೊಳ್ಳುವ ಕೆಲಸ, ನನ್ನದು ಸಹಿ ಪರಿಶೀಲನೆ, ವಕ್ರರೇಖೆಯೂ ಬೇರೆ. ನೇರ ಹೋಲಿಕೆ ಅಲ್ಲ. ಆದರೂ ಸುಮ್ನೆ ಸಿ ಕೋಡ್ ಕಂಪೈಲ್ ಮಾಡಿದ್ದಕ್ಕೂ ಕೈಯಿಂದ ಹೆಣೆದದ್ದಕ್ಕೂ ಎಷ್ಟು ದೂರ ಅನ್ನುವ ಅಂದಾಜು ಇದರಲ್ಲಿ ಸಿಗುತ್ತದೆ.

ಸಂದೇಶ ಮುಚ್ಚುವುದಕ್ಕೆ ಯಾವುದು?

ಇನ್ನು 15 ನಿಮಿಷಕ್ಕೊಮ್ಮೆ ಹೋಗುವ ಸಂದೇಶ. 12 ಬೈಟ್ ಮಾಹಿತಿ, ಅಷ್ಟೇ. ಸಂದೇಶ ಮುಚ್ಚಿ ಮುದ್ರೆಯನ್ನೂ ಹಾಕುವ ವಿಧಾನಗಳಲ್ಲಿ ಮೂರು ಅಭ್ಯರ್ಥಿಗಳು: ಎಇಎಸ್-ಸಿಸಿಎಂ, ಚಾಚಾ20-ಪಾಲಿ1305, ಆಸ್ಕಾನ್. ಆಸ್ಕಾನ್ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಹುಟ್ಟಿದ್ದು, ಚಿಕ್ಕ ಸಾಧನಗಳಿಗೆ ಅಂತಲೇ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ನಡೆಸಿದ ಸ್ಪರ್ಧೆಯಲ್ಲಿ 57 ಅರ್ಜಿಗಳ ಮಧ್ಯೆ 2023ರ ಫೆಬ್ರವರಿಯಲ್ಲಿ ಆಯ್ಕೆಯಾಯಿತು.

ಎಲ್ಲ ಕಡೆ "ಬೈಟಿಗೆ ಇಷ್ಟು ಸೈಕಲ್" ಅನ್ನುವ ಪಟ್ಟಿ ಸಿಗುತ್ತದೆ. ಅದನ್ನು ಸಾವಿರಾರು ಬೈಟ್ ಓಡಿಸಿ ಭಾಗಿಸಿ ಬರೆದಿರುತ್ತಾರೆ. 12 ಬೈಟಿಗೆ ಆ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ. ಮದುವೆ ಅಡುಗೆಯ ತಲಾ ಖರ್ಚು ನೋಡಿ ಇಬ್ಬರಿಗೆ ಅಡುಗೆ ಮಾಡಿದ ಹಾಗೆ. ಒಲೆ ಹಚ್ಚುವ ಖರ್ಚೇ ದೊಡ್ಡದು.

ಎಣಿಸಿ ನೋಡೋಣ. ಸಿಸಿಎಂಗೆ: ಮುದ್ರೆಯ ಲೆಕ್ಕ ಶುರು ಮಾಡಲು ಒಂದು ಎಇಎಸ್, ಎಣಿಕೆ ಹೊತ್ತು ತೆರೆದೇ ಹೋಗುವ ಹೆಡರ್‌ಗೆ ಒಂದು, ಮಾಹಿತಿಗೆ ಒಂದು, ಮುದ್ರೆ ಮುಚ್ಚಲು ಒಂದು, ಮಾಹಿತಿ ಮುಚ್ಚಲು ಒಂದು. ಒಟ್ಟು ಐದು ಬ್ಲಾಕ್ (ಒಂದು ಬ್ಲಾಕ್ ಅಂದರೆ 16 ಬೈಟ್). ಚಾಚಾ20 ಪ್ರತಿ ಸಲ 64 ಬೈಟ್ ಉತ್ಪಾದಿಸುತ್ತದೆ, ಬೇಕೋ ಬೇಡವೋ. ಮುದ್ರೆ ಹಾಕುವ ಪಾಲಿ1305ರ ಕೀಲಿಗೆ ಒಂದು ಸಲ, 12 ಬೈಟ್ ಮುಚ್ಚಲು ಇನ್ನೊಂದು ಸಲ. ಹೆಚ್ಚುಪಾಲು ಚೆಲ್ಲಿ ಹೋಗುತ್ತದೆ. ಚಾಚಾ ಬರೀ ಕೂಡುವುದು, ತಿರುಗಿಸುವುದು, ಎಕ್ಸ್‌ಆರ್. ಎಂ0 ಪ್ಲಸ್‌ಗೆ ಹಬ್ಬ. ಆದರೆ ಪಾಲಿ1305ಗೆ 64 ಬಿಟ್ ಉತ್ತರ ಕೊಡುವ ಗುಣಾಕಾರ ಬೇಕು, ಆಗಲೇ ನೋಡಿದ ಅದೇ ಬಡತನ ಇಲ್ಲೂ ಕಾಡುತ್ತದೆ. ಆಸ್ಕಾನ್‌ಗೆ ಶುರುವಿಗೆ 12 ಸುತ್ತು, ಹೆಡರ್‌ಗೆ 8, ಕೊನೆಗೆ 12. ಒಟ್ಟು 32 ಸುತ್ತು, ಗುಣಾಕಾರವೇ ಇಲ್ಲ. ಕೋಡೂ ಚಿಕ್ಕದು. ನನಗೆ ಮನಸ್ಸಿಗೆ ಹಿಡಿಸಿದ್ದು ಅದೇ.

ಎಇಎಸ್‌ನ ಟೇಬಲ್‌ಗಳಿಂದ ಸಮಯದ ಸುಳಿವು ಸೋರುತ್ತದೆ ಅನ್ನುವ ಭಯ ಇದೆಯಲ್ಲ, ಅದು ಮುಖ್ಯವಾಗಿ ಕ್ಯಾಶ್ ಇರುವ ಚಿಪ್‌ಗಳ ಕತೆ. ಇಲ್ಲಿ ಕ್ಯಾಶ್ ಇಲ್ಲ. ಆದರೆ ಚಿಪ್ ಎಳೆಯುವ ಕರೆಂಟ್ ನೋಡಿ ಕೀಲಿ ಹುಡುಕುವ ದಾಳಿ ಇಲ್ಲೂ ಆಗುತ್ತದೆ. ಅದಕ್ಕಾಗಿ ಒಂದೊಂದು ಪೆಟ್ಟಿಗೆಗೂ ಬೇರೆ ಬೇರೆ ಕೀಲಿ ಕೊಟ್ಟೆ. ಒಂದನ್ನು ಕಿತ್ತುಕೊಂಡು ಹೋಗಿ ಕೀಲಿ ತೆಗೆದರೂ ಮಿಕ್ಕ ಮೂರು ಉಳಿಯುತ್ತವೆ.

ಈ ಮೂರರಲ್ಲಿ ಯಾವುದು ಬ್ಯಾಟರಿ ಉಳಿಸುತ್ತದೆ ಅಂತ ಒಂದು ವಾರ ತಲೆ ಕೆಡಿಸಿಕೊಂಡೆ. ಮಲ್ಟಿಮೀಟರ್‌ನ ಮೈಕ್ರೋಆಂಪ್ ರೇಂಜ್ ಇಟ್ಟರೆ ರೇಡಿಯೋ ಎದ್ದ ಕೂಡಲೇ ಮೀಟರ್‌ನ ಒಳಗೇ ವೋಲ್ಟೇಜ್ ಬಿದ್ದು ಬೋರ್ಡ್ ರೀಸೆಟ್. ಕೊನೆಗೆ ಒಂದು ಓಂ ರೆಸಿಸ್ಟರ್ ಹಾಕಿ ಆಸಿಲೋಸ್ಕೋಪ್‌ನಲ್ಲಿ ನೋಡಿದೆ. ಸ್ಕೋಪ್‌ನಲ್ಲಿ ರೇಡಿಯೋದ ಗುಡ್ಡ ಕಾಣುತ್ತಿತ್ತು. ಕ್ರಿಪ್ಟೋ ಎಲ್ಲಿ ಅಂತ ಹುಡುಕಬೇಕಾಯಿತು. ಆಮೇಲೆ ಸ್ಕೋಪ್ ಆರಿಸಿ, ಕಾಗದ ತಗೊಂಡು ಡೇಟಾಶೀಟ್ ಅಂಕಿಗಳಿಂದಲೇ ಲೆಕ್ಕ ಹಾಕಿದೆ. ಮೊದಲೇ ಮಾಡಬಹುದಿತ್ತು.

ಎಲ್072 ಮೆಗಾಹರ್ಟ್ಸ್‌ಗೆ 93 ಮೈಕ್ರೋಆಂಪ್ ಎಳೆಯುತ್ತದೆ, 32ರಲ್ಲಿ ಸುಮಾರು 3 ಮಿಲಿಆಂಪ್. ಎಇಎಸ್‌ನ ಒಂದು ಬ್ಲಾಕಿಗೆ ತೀರಾ ಧಾರಾಳವಾಗಿ 10,000 ಸೈಕಲ್ ಅಂದುಕೊಳ್ಳಿ. ಐದು ಬ್ಲಾಕಿಗೆ 50,000, ಅಂದರೆ 1.6 ಮಿಲಿಸೆಕೆಂಡ್. ಬ್ಯಾಟರಿಯಿಂದ ಹೋಗುವುದು 4.7 ಮೈಕ್ರೋಕೂಲಂಬ್ (ಕರೆಂಟನ್ನು ಸಮಯದಿಂದ ಗುಣಿಸಿದ್ದು). ಇದನ್ನು ಅರ್ಧಕ್ಕೆ ಇಳಿಸಲು ನಾನು ಒಂದು ವಾರ ಒದ್ದಾಡಿದ್ದು.

ಈಗ ರೇಡಿಯೋ. ಸ್ಪ್ರೆಡಿಂಗ್ ಫ್ಯಾಕ್ಟರ್ (ಜಾಸ್ತಿ ಇಟ್ಟಷ್ಟೂ ನಿಧಾನ, ಆದರೆ ದೂರ ಮುಟ್ಟುವ ಲೋರಾ ಸೆಟ್ಟಿಂಗ್) 10, ಬ್ಯಾಂಡ್ 125 ಕಿಲೋಹರ್ಟ್ಸ್. ಒಂದು ಚಿಹ್ನೆಗೆ 8.192 ಮಿಲಿಸೆಕೆಂಡ್. ನನ್ನ ಪ್ಯಾಕೆಟ್: ಹೆಡರ್ 6 ಬೈಟ್, ಮಾಹಿತಿ 12, ಮುದ್ರೆ 8, ಒಟ್ಟು 26. ಗಾಳಿಯಲ್ಲಿ 412 ಮಿಲಿಸೆಕೆಂಡ್. 13 ಡಿಬಿಎಂ ಶಕ್ತಿಗೆ ಎಸ್‌ಎಕ್ಸ್1276 ಎಳೆಯುವುದು 29 ಮಿಲಿಆಂಪ್. ಒಂದು ಸಂದೇಶಕ್ಕೆ ಸುಮಾರು 12,000 ಮೈಕ್ರೋಕೂಲಂಬ್. ಎನ್‌ಕ್ರಿಪ್ಷನ್ ಇದರ ಎರಡೂವರೆ ಸಾವಿರದಲ್ಲಿ ಒಂದು ಪಾಲು! ಅಷ್ಟೇ ಅಲ್ಲ, ಚಿಪ್ 15 ನಿಮಿಷ ಗೊರಕೆ ಹೊಡೆಯುತ್ತಾ ಮಲಗಿರುವಾಗ ಎಳೆಯುವ 0.86 ಮೈಕ್ರೋಆಂಪ್ ಕೂಡಿಸಿದರೂ 774 ಮೈಕ್ರೋಕೂಲಂಬ್ ಆಗುತ್ತದೆ. ನಿದ್ದೆಯೇ ಕ್ರಿಪ್ಟೋಗಿಂತ ನೂರೈವತ್ತಕ್ಕೂ ಹೆಚ್ಚು ಪಟ್ಟು ದುಬಾರಿ. ಎನ್‌ಕ್ರಿಪ್ಷನ್‌ಗೆ ಇಡೀ ವರ್ಷಕ್ಕೆ ಆಗುವ ಖರ್ಚು 0.05 ಮಿಲಿಆಂಪ್-ಗಂಟೆಯನ್ನೂ ಮುಟ್ಟುವುದಿಲ್ಲ.

ಆದರೆ ಕ್ರಿಪ್ಟೋ ಬ್ಯಾಟರಿ ತಿನ್ನುವುದೇ ಇಲ್ಲವಾ ಅಂದರೆ, ತಿನ್ನುತ್ತದೆ. ಲೆಕ್ಕ ಹಾಕುವಾಗ ಅಲ್ಲ, ಗಾಳಿಯಲ್ಲಿ ಹೋಗುವಾಗ. ಲೋರಾ ಬೈಟುಗಳನ್ನು ಒಂದೊಂದಾಗಿ ಕಳಿಸುವುದಿಲ್ಲ. ಈ ಸೆಟ್ಟಿಂಗ್‌ನಲ್ಲಿ ಐದು ಬೈಟಿಗೆ ಐದು ಚಿಹ್ನೆಯ ಒಂದು ಕಂತು, ಕಂತಿಗೆ 41 ಮಿಲಿಸೆಕೆಂಡ್. (ಹೌದು, ಮತ್ತೆ 41. ಕಾಕತಾಳೀಯ.) ಒಂದು ಕಂತಿಗೆ ಸುಮಾರು 1,190 ಮೈಕ್ರೋಕೂಲಂಬ್, ಅಂದರೆ 250 ಸಲ ಎನ್‌ಕ್ರಿಪ್ಟ್ ಮಾಡುವಷ್ಟು. ಮುದ್ರೆ 16 ಬೈಟ್ ಇಟ್ಟಿದ್ದರೆ ಏಳು ಕಂತು. 8 ಬೈಟ್ ಇಟ್ಟಿದ್ದಕ್ಕೆ ಆರು. ಆರನೆಯ ಕಂತಿಗೆ ಬರೀ ಒಂದೂವರೆ ಬೈಟಿನಷ್ಟು ಉಕ್ಕಿ ಹೋಗಿತ್ತು, ಅಷ್ಟಕ್ಕೇ ಪೂರ್ತಿ ಕಂತಿನ ದುಡ್ಡು. ಎರಡು ಬೈಟ್ ಎಲ್ಲಿಂದಾದರೂ ಕಿತ್ತರೆ ಐದಕ್ಕೆ ಇಳಿಯುತ್ತದೆ.

ಮುದ್ರೆಯಿಂದ ಕೀಳಬಹುದಿತ್ತು, ಸಿಸಿಎಂ 6 ಬೈಟಿನ ಮುದ್ರೆಗೂ ಒಪ್ಪುತ್ತದೆ. ಲೋರಾವ್ಯಾನ್ (ಲೋರಾ ಜಾಲಗಳ ಪ್ರಮಾಣಿತ ನಿಯಮಾವಳಿ) ಬಳಸುವವರು 4 ಬೈಟಿನಲ್ಲೇ ಸಂಸಾರ ಮಾಡುತ್ತಾರೆ. ನಾನು ಎಣಿಕೆಯಿಂದ ಕಿತ್ತೆ. ಎಣಿಕೆ 4 ಬೈಟ್ ಇತ್ತು. ಕೆಳಗಿನ ಎರಡನ್ನು ಮಾತ್ರ ಕಳಿಸಿ, ಮೇಲಿನ ಎರಡನ್ನು ಎರಡೂ ಕಡೆ ನೆನಪಿನಲ್ಲಿ ಇಟ್ಟುಕೊಳ್ಳುವುದು. ಇದೂ ಲೋರಾವ್ಯಾನ್‌ನಿಂದಲೇ ಕದ್ದ ಉಪಾಯ. ಪ್ಯಾಕೆಟ್ 24 ಬೈಟಿಗೆ ಇಳಿಯಿತು, ಗಾಳಿಯಲ್ಲಿ 371 ಮಿಲಿಸೆಕೆಂಡ್. ವರ್ಷಕ್ಕೆ 35,040 ಸಂದೇಶ, ಉಳಿತಾಯ ಹನ್ನೊಂದೂವರೆ ಮಿಲಿಆಂಪ್-ಗಂಟೆ. ಅಲ್ಗಾರಿದಂ ಬದಲಿಸಿ ಇಷ್ಟು ಉಳಿಸಲು ಎರಡೂವರೆ ಶತಮಾನವಾದರೂ ಬೇಕು.

ಆ ಎಣಿಕೆಯ ಬಗ್ಗೆ ಒಂದು ಎಚ್ಚರಿಕೆ, ಇದು ಬೆಂಚ್‌ಮಾರ್ಕ್‌ನಲ್ಲಿ ಎಲ್ಲೂ ಕಾಣುವುದಿಲ್ಲ. ಸೆಲ್ ಬದಲಿಸಿದಾಗ ಎಣಿಕೆ ಸೊನ್ನೆಗೆ ಹೋದರೆ ಅದೇ ಕೀಲಿಯಲ್ಲಿ ಅದೇ ಎಣಿಕೆ ಎರಡನೇ ಸಲ ಬಳಕೆಯಾಗುತ್ತದೆ, ಸಿಸಿಎಂ ಇರಲಿ ಚಾಚಾ ಇರಲಿ ಅಲ್ಲಿಗೆ ಗುಟ್ಟು ಬಯಲು. ಹಾಗಂತ ಪ್ರತಿ ಸಂದೇಶಕ್ಕೂ ಇಇಪ್ರಾಮ್‌ಗೆ (ಕರೆಂಟ್ ಹೋದರೂ ಮರೆಯದ ಮೆಮೊರಿ) ಬರೆದರೆ, ಒಂದು ಜಾಗಕ್ಕೆ ಒಂದು ಲಕ್ಷ ಸಲ ಬರೆಯುವ ಆಯಸ್ಸು, ಮೂರು ವರ್ಷದೊಳಗೆ ಮುಗಿಯುತ್ತದೆ. ಹಾಗಾಗಿ 64 ಸಂದೇಶಕ್ಕೊಮ್ಮೆ ಮಾತ್ರ ಬರೆಯುತ್ತೇನೆ, ರೀಸೆಟ್ ಆದಾಗಲೆಲ್ಲ ಬರೆದದ್ದಕ್ಕಿಂತ 64 ಮುಂದಿನಿಂದ ಶುರು ಮಾಡುತ್ತೇನೆ. ನಾಲ್ಕನೇ ಬೋರ್ಡು ಸೆಕೆಂಡಿಗೊಮ್ಮೆ ಸತ್ತು ಹುಟ್ಟುತ್ತಿದ್ದಾಗ ಬೂಟ್‌ಲೋಡರ್ ದಾಟಿ ಇಲ್ಲಿವರೆಗೆ ಬರುತ್ತಲೇ ಇರಲಿಲ್ಲ. ಬಂದಿದ್ದರೆ ಸೆಕೆಂಡಿಗೆ 64ರಂತೆ ಎಣಿಕೆ ಹಾರುತ್ತಿತ್ತು. ಎರಡು ಬೈಟಿನ ಎಣಿಕೆ ಆ ವೇಗಕ್ಕೆ ಹದಿನೇಳು ನಿಮಿಷದಲ್ಲಿ ಸುತ್ತು ಹೊಡೆದು, ಪಂಪ್ ಮನೆಗೂ ಟ್ಯಾಂಕಿಗೂ ತಾಳ ತಪ್ಪುತ್ತಿತ್ತು.

ಕೊನೆಗೆ ಸಂದೇಶಕ್ಕೆ ಎಇಎಸ್-ಸಿಸಿಎಂ ಅನ್ನೇ ಇಟ್ಟೆ. ಆಸ್ಕಾನ್ ಮೇಲೆ ಮನಸ್ಸಿದ್ದರೂ, ಪಂಪ್ ಮನೆಯ ಕಡೆಯ ಚಿಪ್‌ನಲ್ಲಿ ಎಇಎಸ್ ಆಗಲೇ ಹಾರ್ಡ್‌ವೇರ್‌ನಲ್ಲಿತ್ತು. ಬ್ಯಾಟರಿಗೆ ವ್ಯತ್ಯಾಸ ಇಲ್ಲ ಅಂತ ಗೊತ್ತಾದ ಮೇಲೆ ಜಗಳಕ್ಕೆ ಕಾರಣವೂ ಉಳಿಯಲಿಲ್ಲ.

ನಾಲ್ಕನೇ ಬೋರ್ಡನ್ನು ಅದೇ ಜಾಗಕ್ಕೆ ವಾಪಸ್ ಹಾಕಿದ್ದೇನೆ, ಬೇರೆ ಬೋರ್ಡ್ ಹಾಕಲಿಲ್ಲ. ನಾಲ್ಕೂ ಪೆಟ್ಟಿಗೆಯ ಮುಚ್ಚಳದ ಒಳಗಡೆ ಆಯಾ ಬೋರ್ಡಿನ ಆಸಿಲೇಟರ್ ಎಷ್ಟರಲ್ಲಿ ಓಡುತ್ತದೆ ಅಂತ ಮಾರ್ಕರ್‌ನಲ್ಲಿ ಬರೆದಿದ್ದೇನೆ. ವಾಟರ್‌ಮ್ಯಾನ್ ಅದನ್ನು ನೋಡಿ, "ಇದೇನ್ ಸಾರ್, ಯಾರ್ದಾದ್ರೂ ಫೋನ್ ನಂಬರಾ?" ಅಂತ ಕೇಳಿದರು.